ಬಟ್ಟೆ ಹಗ್ಗದ ಮೇಲೆ ನನ್ನ ಪ್ರಬಂಧ ತಿದ್ದಿದವರಿಗೆ

ಮೂರನೇ ಮಹಡಿಯ ಸಮಸ್ತ ಸಮಾಜಕ್ಕೆ,

ಮಾನ್ಯರೇ,

ಕೊನೆಯ ಮನೆಯಲ್ಲಿ ಚಿಕ್ಕಮ್ಮನ ಜೊತೆಗಿರುವ, ಸಾಹಿತ್ಯ ಓದುತ್ತಿರುವ, ತಾವೆಲ್ಲ 'ಪುಸ್ತಕದ ಹುಳ' ಎಂದು ಅಕ್ಕರೆಯಿಂದ ಕರೆಯುವ ಬಡಪಾಯಿಯ ಸಾವಿರ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ; ತಮ್ಮ ಕೆಮ್ಮು, ಸೀನು, ಗೊರಕೆಗಳು ಗೋಡೆ ದಾಟಿ ಬಂದು ಖುದ್ದಾಗಿ ವರದಿ ಒಪ್ಪಿಸುತ್ತವೆ.

ಒಂದು ಕಾದಂಬರಿಯನ್ನು ಹಿಡಿದು 'ವ್ಯಕ್ತಿ ಮತ್ತು ಸಮಾಜ' ಎಂಬ ಪ್ರಬಂಧವನ್ನು ನಾನು ಬರೆಯಬೇಕಿರುವುದು ತಮಗೆ ತಿಳಿದೇ ಇದೆ. ತಮಗೆ ತಿಳಿಯದ ವಿಷಯ ಈ ಮಹಡಿಯಲ್ಲಿ ಯಾವುದಿದೆ! ಒಂದೊಂದು ಅಂಶವನ್ನು ಒಂದೊಂದು ಚೀಟಿಯಲ್ಲಿ ಬರೆದು, ಹಿಂದೆಮುಂದೆ ಜೋಡಿಸಿ, ಯೋಜನೆಯನ್ನು ತಂದು ಒಪ್ಪಿಗೆ ಪಡೆಯದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ನಮ್ಮ ಕಾಲೇಜಿನ ಮೇಡಂ ಅವರ ಅಪ್ಪಣೆ. ಮನೆಯಲ್ಲಿ ಚೀಟಿ ಹರಡಲು ಮೇಜಿಲ್ಲದೆ, ಕಾರಿಡಾರಿನ ಬಟ್ಟೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದ್ದೇ ನನ್ನ ಅಪರಾಧ.

ಆಹಾ, ಎಂಥ ಮುತುವರ್ಜಿಯಿಂದ ತಿದ್ದಿದಿರಿ! 'ವ್ಯಕ್ತಿಗೆ ಏಕಾಂತ ಬೇಕು' ಎಂಬ ಚೀಟಿಯ ಕೆಳಗೆ ಚಿಕ್ಕಮ್ಮ 'ಯಾಕೆ, ಮೈ ಹುಷಾರಿಲ್ವಾ?' ಎಂದು ಬರೆದು, ಬಂದು ನನ್ನ ಹಣೆ ಮುಟ್ಟಿ ನೋಡಿದರು. ಪಕ್ಕದ ಮನೆಯ ದರ್ಜಿ ಮಾವನವರು ಪೀಠಿಕೆಯ ಉದ್ದ ಕಂಡು ಮರುಗಿ, ಕೆಳಗಿನ ಸಾಲುಗಳನ್ನು ಮಡಿಚಿ ಮಿಷನ್ನಿನಲ್ಲಿ ಹೊಲಿದೇಬಿಟ್ಟು, 'ಬೇಕಾದ್ರೆ ಆಮೇಲೆ ಬಿಚ್ಕೋಬಹುದು ಕಣಮ್ಮಾ, ಒಳಗೆ ಬಿಟ್ಟಿದೀನಿ' ಎಂದು ಧೈರ್ಯ ತುಂಬಿದರು.

ಎದುರುಮನೆ ಅಜ್ಜಿಯವರಿಗಂತೂ ಅಡ್ಡಬೀಳಬೇಕು. 'ನಾಯಕಿ ಒಬ್ಬಳೇ ಮನೆ ಬಿಟ್ಟು ಹೋಗುತ್ತಾಳೆ. ಅದು ಸರಿ' ಎಂಬ ನನ್ನ ಉಪಸಂಹಾರವನ್ನೇ ಕಿತ್ತು ದಿಂಬಿನಡಿ ಬಚ್ಚಿಟ್ಟು, 'ಪಾಪ, ಎಲ್ಲಿಗೆ ಹೋಗ್ತಾಳೆ? ನಮ್ಮನೇಲೇ ಇರ್ಲಿ ಬಿಡು, ನನಗೂ ಜೊತೆಯಾಗುತ್ತೆ' ಎಂದು ಅವಳಿಗಾಗಿ ಹಾಸಿಗೆ ಕೊಡವಿದರು. ಅಂದಿನಿಂದ ತಾವೆಲ್ಲ ಮೆಟ್ಟಿಲ ಮೇಲೆ ಸಭೆ ಸೇರಿ, ಅವಳನ್ನು ಮನೆಯವರ ಜೊತೆ ರಾಜಿ ಮಾಡಿಸುವುದೋ, ಹೊಲಿಗೆ ಕಲಿಯಲು ಕೂರಿಸುವುದೋ ಎಂದು ಚರ್ಚಿಸುತ್ತಿದ್ದೀರಿ. ಅವಳು ಬರೀ ಕಾದಂಬರಿಯ ಹೆಂಗಸು ಎಂದು ನೆನಪಿಸಿದ ನನಗೆ ಕಲ್ಲುಮನಸ್ಸಿನವಳೆಂಬ ಬಿರುದು ಸಿಕ್ಕಿತು.

ಉಳಿದ ಚೀಟಿಗಳನ್ನೇ ಒಯ್ದು ಮೇಡಂ ಮುಂದಿಟ್ಟೆ. ಅವರು ಹೊಲಿಗೆಯ ಮೇಲೆ ಬೆರಳಾಡಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, 'ಸಮಾಜ ಚೆನ್ನಾಗಿ ಬಂದಿದೆ. ವ್ಯಕ್ತಿ ಎಲ್ಲಮ್ಮಾ? ನಾಳೆ ಒಂದಾದ್ರೂ ನಿನ್ನ ಸ್ವಂತದ ಮಾತು ತಗೊಂಡು ಬಾ, ಇಲ್ಲಾಂದ್ರೆ ಪರೀಕ್ಷೆ ಮರೆತುಬಿಡು' ಎಂದರು.

ಆದಕಾರಣ ಸವಿನಯ ಪ್ರಾರ್ಥನೆಯೇನೆಂದರೆ, ಇಂದು ಸಂಜೆ ಒಂದು ಗಂಟೆ ಕಾಲ ತಾವೆಲ್ಲ ದಯವಿಟ್ಟು ಇಲ್ಲದಂತಾಗಬೇಕು; ಅದು ಕಷ್ಟವಾದರೆ ಕನಿಷ್ಠಪಕ್ಷ ಅಭಿಪ್ರಾಯವಿಲ್ಲದಂತಾಗಬೇಕು. ನನ್ನ ಮಾತು ನನಗೆ ಸಿಕ್ಕಿದೆ: ನಾಯಕಿ ಹೋಗುತ್ತಾಳೆ. ಇಡೀ ಮಹಡಿಯೇ ಅಡ್ಡ ನಿಂತರೂ ಹೋಗುತ್ತಾಳೆ. ತಮ್ಮೆಲ್ಲರ ಮೇಲೆ ನನಗೆ ಬೆಟ್ಟದಷ್ಟು ಪ್ರೀತಿಯಿದೆ, ಆದರೆ ಇದೊಂದು ವಿಷಯದಲ್ಲಿ ತಮ್ಮ ಮಾತು ಕೇಳಲಾರೆ.

ಬಾಗಿಲಿಗೆ ಚಿಲಕ ಹಾಕಿಕೊಂಡೂ
ತಮ್ಮ ವಿಶ್ವಾಸಿ,
ಪುಸ್ತಕದ ಹುಳ

ತಾ.ಕ.: ಅಜ್ಜೀ, ಅವಳು ಇಂದೇ ಹೊರಡಬೇಕಾದ್ದರಿಂದ ಆ ಚೀಟಿಯನ್ನು ಬಾಗಿಲ ಸಂದಿಯಿಂದ ತಳ್ಳಿಬಿಡಿ. ದಾರಿಗೆ ಬುತ್ತಿ ಕಟ್ಟಿಕೊಟ್ಟರೆ ಬೇಡವೆನ್ನುವುದಿಲ್ಲ. ಆದರೆ ಬುತ್ತಿ ಹಿಡಿದು ಬಸ್ ಹತ್ತಿಸಿ ಬರುತ್ತೇವೆಂದು ಮಹಡಿಯವರ್ಯಾರೂ ಚಪ್ಪಲಿ ಮೆಟ್ಟಿಕೊಳ್ಳಬೇಡಿ. ಅವಳು ಒಬ್ಬಳೇ ಹೋಗಬೇಕು.