ಹದಿನೆಂಟು ಮೊಟ್ಟೆಯ ದೂರ

"ಬೆರಿಲ್, ಬರೆದಿಟ್ಕೊ! ಈ ವರ್ಷದ ಓಟದ ಕಪ್ಪು ನಮ್ಮನೆಗೆ ಬರ್ಲಿಲ್ಲ ಅಂದ್ರೆ ನನ್ನ ಹೆಸರು ಡೆಸ್ಮಂಡ್ ಎಂಟ್ವಿಸಲ್ಲೇ ಅಲ್ಲ!"

"ಹೋದ ವರ್ಷಾನೂ ಇದನ್ನೇ ಅಂದಿದ್ದೆ. ಹಾಗಾದ್ರೆ ಆವತ್ತಿಂದ ನಾನು ಯಾರ ಜೊತೆ ಸಂಸಾರ ಮಾಡ್ತಿದೀನಿ?"

ಈ ಮಾತು ನಡೆದದ್ದು ಲ್ಯಾಂಕಾಷೈರಿನ ಒಂದು ಸಾಲುಮನೆಯ ಮುಂಗೋಣೆಯಲ್ಲಿ. ಬೇರೆಯವರ ಮನೆಯಲ್ಲಿ ಆ ಕೋಣೆಯಲ್ಲಿ ಸೋಫಾ ಇರುತ್ತದೆ, ಪಿಯಾನೋ ಇರುತ್ತದೆ. ಎಂಟ್ವಿಸಲ್ ದಂಪತಿಗಳ ಮನೆಯಲ್ಲಿ ಮಾತ್ರ ೧೯೩೮ನೇ ಇಸವಿಯ ಒಂದು ಮೋಟಾರ್‌ಸೈಕಲ್ಲು ಕಂಬಳಿ ಹಾಸಿಕೊಂಡು ಹಾಯಾಗಿ ನಿಂತಿತ್ತು. ಬೆರಿಲ್‌ಳ ತಾಯಿ ಕೊಟ್ಟ ಪಿಯಾನೋ ಮೂರು ಚಳಿಗಾಲದಿಂದ ಹಿತ್ತಲಿನ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದುಕೊಂಡು ಮಲಗಿತ್ತು.

ಡೆಸ್ಮಂಡ್ ಸಾಮಾನ್ಯ ಮನುಷ್ಯನಲ್ಲ. ಹತ್ತಿ ಗಿರಣಿಯಲ್ಲಿ ಮೂವತ್ತೊಂದು ವರ್ಷ ಯಂತ್ರ ನೋಡಿಕೊಂಡವನು. ಎಂಜಿನ್ನಿನ ಸದ್ದು ಕೇಳಿಯೇ ನಿಮಿಷಕ್ಕೆ ಎಷ್ಟು ಸುತ್ತು ಎಂದು ಹೇಳಬಲ್ಲವನು. ಹೆಂಡತಿ ಏನು ಹೇಳಿದಳು ಎಂಬುದು ಮಾತ್ರ ಆ ಕಿವಿಗೆ ಎರಡನೇ ಸಲಕ್ಕೆ ಕೇಳಿಸುತ್ತಿತ್ತು.

ಊರಿನ ಹಳೇ ಮೋಟಾರ್‌ಸೈಕಲ್ ಸಂಘದ ಓಟದ ಸ್ವರೂಪವೇ ಬೇರೆ. ಅಲ್ಲಿ ಜೋರಾಗಿ ಓಡಿದವನು ಗೆಲ್ಲುವುದಿಲ್ಲ! ಇಪ್ಪತ್ತು ಮೈಲಿಯ ದಾರಿಯನ್ನು ಗಂಟೆಗೆ ಇಪ್ಪತ್ತೇ ಮೈಲಿಯಂತೆ ಓಡಿಸಿ, ಸರಿಯಾಗಿ ಅರವತ್ತು ನಿಮಿಷಕ್ಕೆ ಮುಟ್ಟಬೇಕು. ಗಡಿಯಾರಗಳನ್ನೆಲ್ಲ ಮೊದಲೇ ಕಿತ್ತುಕೊಳ್ಳುತ್ತಾರೆ. ನಂಬಬೇಕಾದದ್ದು ಗಾಡಿಯ ಮೀಟರನ್ನು ಮತ್ತು ತನ್ನ ತಲೆಯನ್ನು. ತಲೆಯ ವಿಷಯದಲ್ಲಿ ಡೆಸ್ಮಂಡನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಸರಿ, ಒಂದು ಕರಾರು" ಎಂದಳು ಬೆರಿಲ್. "ನೀನು ಗೆದ್ರೆ ಈ ಕುದುರೆ ಇಲ್ಲೇ ಇರ್ಲಿ, ನಾನು ಉಸಿರೆತ್ತಲ್ಲ. ಸೋತ್ರೆ ಇದು ಶೆಡ್ಡಿಗೆ, ನಮ್ಮಮ್ಮನ ಪಿಯಾನೋ ಒಳಗೆ."

"ಪಿಯಾನೋಗೆ ಶೆಡ್ಡೇ ಗತಿ ಅಂತ ಹೇಳಿಬಿಡು!"

ಪಕ್ಕದಲ್ಲಿ ಬೆರಿಲ್ ಕೂರುವ ಸೈಡ್‌ಕಾರಿನ ಭಾರ ಎಳೆಯಲು ಚೈನಿನ ಮುಂದಿನ ಹಲ್ಲುಚಕ್ರ ಚಿಕ್ಕದಿರಬೇಕು. ಇಪ್ಪತ್ತೊಂದು ಹಲ್ಲಿನದನ್ನು ತೆಗೆದು ಹತ್ತೊಂಬತ್ತರದನ್ನು ಹಾಕುವುದೆಂದು ತೀರ್ಮಾನವಾಯಿತು. ಎರಡು ಚಕ್ರಗಳನ್ನೂ ಡೆಸ್ಮಂಡ್ ಬೆರಿಲ್‌ಳ ಜಾಮ್ ಕಾಯಿಸುವ ಪಾತ್ರೆಯಲ್ಲಿ ಹಾಕಿ ಬಟ್ಟೆ ಒಗೆಯುವ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿದ. ಜಿಡ್ಡು ಹೋಗಿ ಎರಡೂ ಬೆಳ್ಳಿಯಂತೆ ಹೊಳೆದವು.

"ಒಂದು ನಂಗೆ" ಎಂದು ಬೆರಿಲ್ ಕೈ ಹಾಕಿದಳು. "ಟೀ ಪಾಟ್ ಇಡೋಕೆ ಲಾಯಕ್ಕಾಗಿದೆ. ಪಾತ್ರೆ ಹಾಳು ಮಾಡಿದ್ದಕ್ಕೆ ಇದು ದಂಡ."

"ತಗೊ, ತಗೊ."

"ಉಳಿದಿದ್ರ ಹಲ್ಲು ಎಣಿಸಿ ನೋಡೋ ಮಾರಾಯ."

"ಎಣಿಸೋದಾ? ಮೂವತ್ತೊಂದು ವರ್ಷದ ಅನುಭವ ಬೆರಿಲ್! ದೊಡ್ಡದ್ಯಾವುದು ಚಿಕ್ಕದ್ಯಾವುದು ಅಂತ ಕೈಗೆ ತಗೊಂಡ್ರೆ ಗೊತ್ತಾಗುತ್ತೆ!"

ಕೈಗೆ ತೆಗೆದುಕೊಂಡ, ತೂಗಿದ, ಕಣ್ಣು ಮುಚ್ಚಿ ತಲೆದೂಗಿದ, ಜೋಡಿಸಿಬಿಟ್ಟ. ಆಮೇಲೆ ಟೈರಿನ ಸುತ್ತಳತೆ, ಗೇರು, ಹತ್ತೊಂಬತ್ತು ಹಲ್ಲು ಎಲ್ಲವನ್ನೂ ಗುಣಿಸಿ ಭಾಗಿಸಿ ಎರಡು ಹಾಳೆ ತುಂಬಿಸಿ ಉತ್ತರ ತೆಗೆದ: ಮೂರನೇ ಗೇರಿನಲ್ಲಿ ನಿಮಿಷಕ್ಕೆ ಸಾವಿರದ ಎಂಟುನೂರು ಸುತ್ತು ಎಂದರೆ ಗಂಟೆಗೆ ಇಪ್ಪತ್ತು ಮೈಲಿ. ಹಾಳೆಗೆ ಚೌಕಟ್ಟು ಹಾಕಿಸುವುದೊಂದು ಬಾಕಿ!

ಶನಿವಾರ ಗಾಡಿ ಹೊರಗೆ ಬಂತು. ಎಂಜಿನ್ನಿನ ಸುತ್ತು ತೋರಿಸುವ ಮೀಟರು ಸಾವಿರದ ಎಂಟುನೂರಕ್ಕೆ ನಿಂತಿತು. ಪಕ್ಕದ ಸ್ಪೀಡೋಮೀಟರು ಮಾತ್ರ ಇಪ್ಪತ್ತೆರಡು ಎಂದಿತು.

"ನೋಡಿದ್ಯಾ ಈ ಸ್ಪೀಡೋಮೀಟರನ್ನ? ನಲವತ್ತು ವರ್ಷದ ಮುದುಕ, ಬಾಯಿಗೆ ಬಂದಿದ್ದು ಹೇಳ್ತಾನೆ. ಎಂಜಿನ್ ಸುತ್ತು ಮಾತ್ರ ಸುಳ್ಳು ಹೇಳಲ್ಲ!" ಎಂದು ಡೆಸ್ಮಂಡ್ ಗಾಜಿನ ಮೇಲೆ ಇಪ್ಪತ್ತೆರಡರ ಜಾಗದಲ್ಲಿ ಕೆಂಪು ಚುಕ್ಕೆ ಇಟ್ಟ. ಇನ್ನು ಮೇಲೆ ಅದೇ ಇಪ್ಪತ್ತು!

ಇಷ್ಟಕ್ಕೇ ಸುಮ್ಮನಾಗಿದ್ದರೆ ಮನೆಯ ಮರ್ಯಾದೆ ಮನೆಯೊಳಗೇ ಉಳಿಯುತ್ತಿತ್ತು. ಆದರೆ ಜ್ಞಾನಿಗೆ ಜ್ಞಾನ ಹಂಚದೆ ನಿದ್ದೆ ಬರುತ್ತದೆಯೇ? ಸಂಜೆ ಪಬ್ಬಿನಲ್ಲಿ ಬಿಯರ್ ಗ್ಲಾಸು ಎತ್ತಿ ಹಿಡಿದು, "ನಿಮ್ಮೆಲ್ಲರ ಸ್ಪೀಡೋಮೀಟರೂ ಸುಳ್ಳು!" ಎಂದು ಘೋಷಿಸಿದ. ಕಟುಕನ ಅಂಗಡಿಯ ಸಿರಿಲ್ ಪಿಲ್ಲಿಂಗ್ ಮೇಲೆದ್ದ. ಹೋದ ಸಲದ ಕಪ್ಪು ಅವನ ಅಂಗಡಿಯಲ್ಲಿ ಸಾಸೇಜುಗಳ ನಡುವೆ ಕೂತಿತ್ತು.

"ನಂದು ಸರಿಯಾಗೇ ಇದೆ ಕಣಯ್ಯ."

"ನಾಳೆ ಪಕ್ಕದಲ್ಲಿ ಓಡ್ಸು, ಗೊತ್ತಾಗುತ್ತೆ!"

ಭಾನುವಾರ ಸಂಘದ ಹತ್ತೂ ಗಾಡಿಗಳು ಒಂದೊಂದಾಗಿ ಡೆಸ್ಮಂಡನ ಪಕ್ಕದಲ್ಲಿ ಓಡಿದವು. ಅವನು ಸುತ್ತು ನೋಡಿ "ಇಪ್ಪತ್ತು!" ಎಂದು ಕೂಗುತ್ತಿದ್ದ. ಹತ್ತೂ ಸ್ಪೀಡೋಮೀಟರುಗಳು ಒಂದೇ ಬಾಯಲ್ಲಿ ಇಪ್ಪತ್ತೆರಡು ಎಂದವು.

ಸಿರಿಲ್ ತಲೆ ಕೆರೆದುಕೊಂಡ. "ಹತ್ತಕ್ಕೆ ಹತ್ತೂ ಇಪ್ಪತ್ತೆರಡು ಅಂತಿವೆಯಲ್ಲೋ? ನಿಂದೂ ಸೇರಿ ಹನ್ನೊಂದು!"

"ಹಳೇ ಮೀಟರುಗಳೆಲ್ಲ ಒಂದೇ ಜಾತಿ! ಸೇರಿಕೊಂಡು ಸುಳ್ಳು ಹೇಳ್ತಿವೆ! ನಾನು ಲೆಕ್ಕ ಹಾಕಿದೀನಯ್ಯಾ, ಲೆಕ್ಕ!"

ಎರಡು ಹಾಳೆ ಲೆಕ್ಕ ತೋರಿಸಿದ ಮೇಲೆ ಯಾರು ಎದುರಾಡುತ್ತಾರೆ? ಹತ್ತೂ ಗಾಜಿನ ಮೇಲೆ ಕೆಂಪು ಚುಕ್ಕೆ ಬಿತ್ತು. ಡೆಸ್ಮಂಡ್ ಕುಂಚ ಹಿಡಿದು ಪಾದ್ರಿಯ ಗಾಂಭೀರ್ಯದಿಂದ ಒಬ್ಬೊಬ್ಬರಿಗೂ ಚುಕ್ಕೆ ಇಟ್ಟ. ಊರಿನ ಸತ್ಯವನ್ನೆಲ್ಲ ತಾನೊಬ್ಬನೇ ಎತ್ತಿ ಹಿಡಿದಿದ್ದೇನೆಂದು ಅವನ ಎದೆ ಉಬ್ಬಿತ್ತು.

ಓಟದ ದಿನ ಬಂತು. ಸಮಯ ಅಳೆಯುವವರು ಎಂಬತ್ತು ದಾಟಿದ ಮಿಸ್ ಪೆಂಬರ್ಟನ್. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದ್ದ ಆಕೆ ಎಲ್ಲರ ಗಡಿಯಾರಗಳನ್ನೂ ಬಿಸ್ಕತ್ತಿನ ಡಬ್ಬಕ್ಕೆ ಹಾಕಿಸಿಕೊಂಡರು. ಸೈಡ್‌ಕಾರಿನಲ್ಲಿ ಕೂತವರಿಗೂ ಒಂದು ಪುಟ್ಟ ಬಹುಮಾನವಿತ್ತು. ದಾರಿಗೆ ಎಷ್ಟು ಹೊತ್ತು ಹಿಡಿಯಿತೆಂದು ಅವರು ಅಂದಾಜಿನ ಮೇಲೆ ಚೀಟಿಯಲ್ಲಿ ಬರೆದುಕೊಡಬೇಕು. ಬೆರಿಲ್ ಕೈಚೀಲದಿಂದ ಮೊಟ್ಟೆ ಬೇಯಿಸುವಾಗ ಇಟ್ಟುಕೊಳ್ಳುವ ಮರಳು ಗಾಜನ್ನು ತೆಗೆದಳು. ಮೇಲಿನ ಮರಳು ಕೆಳಗಿಳಿಯಲು ಮೂರು ನಿಮಿಷ.

"ಇದು ಗಡಿಯಾರನಾ, ಮಿಸ್ ಪೆಂಬರ್ಟನ್?"

ಮಿಸ್ ಪೆಂಬರ್ಟನ್ ನಿಯಮದ ಪುಸ್ತಕ ತಿರುವಿದರು. "ಇದರಲ್ಲಿ ಮೊಟ್ಟೆ ಸುದ್ದಿ ಇಲ್ಲ. ಇಟ್ಕೊ."

ಡೆಸ್ಮಂಡ್ ಮೊದಲು ಹೊರಟ, ಉಳಿದವರು ಒಬ್ಬೊಬ್ಬರಾಗಿ ಆಮೇಲೆ. ಸುತ್ತು ಸಾವಿರದ ಎಂಟುನೂರು, ಮುಳ್ಳು ಕೆಂಪು ಚುಕ್ಕೆಯ ಮೇಲೆ, ಮೀಸೆ ಗಾಳಿಯಲ್ಲಿ. ಮೊದಲ ಮೈಲಿಕಲ್ಲು ಬಂತು.

"ಡೆಸ್ಮಂಡ್! ಸ್ವಲ್ಪ ನಿಧಾನ. ಗಂಟೆಗಿಪ್ಪತ್ತು ಅಂದ್ರೆ ಮೈಲಿಗೆ ಮೂರು ನಿಮಿಷ ತಾನೇ? ಕಲ್ಲು ಬಂದ್ರೂ ಮರಳು ಇನ್ನೂ ಉಳಿದಿದೆ!"

"ಮೂವತ್ತೊಂದು ವರ್ಷ ಯಂತ್ರ ನೋಡ್ಕೊಂಡೋನು ಮೊಟ್ಟೆ ಮಾತು ಕೇಳಲ್ಲ!"

ಐದನೇ ಕಲ್ಲಿಗೂ ಅದೇ ಮಾತು, ಹತ್ತನೆಯದಕ್ಕೂ ಅದೇ ಮಾತು.

"ನಿನ್ನ ಮರಳು ಒದ್ದೆಯಾಗಿರ್ಬೇಕು!"

"ನಿನ್ನ ತಲೆ ಒಣಗಿರ್ಬೇಕು!" ಎಂದು ಬೆರಿಲ್ ಮಾತು ನಿಲ್ಲಿಸಿದಳು. ಕಲ್ಲು ನೋಡುವುದನ್ನೂ ಬಿಟ್ಟು, ಹೊರಟಾಗಿನಿಂದ ಮಾಡುತ್ತಿದ್ದಂತೆ ಮರಳು ಖಾಲಿಯಾದಾಗ ಗಾಜು ತಿರುಗಿಸುವುದು, ಎಣಿಸುವುದು, ಇಷ್ಟನ್ನೇ ಮಾಡುತ್ತ ಕೂತಳು.

ಇಪ್ಪತ್ತು ಮೈಲಿ ಸುತ್ತಿ, ಹೊರಟಿದ್ದ ಚರ್ಚಿನ ಸಭಾಂಗಣದ ಮುಂದೆಯೇ ಡೆಸ್ಮಂಡ್ ಬ್ರೇಕು ಹಾಕಿದಾಗ ಟೀಗೆ ನೀರು ಕೂಡ ಕುದಿದಿರಲಿಲ್ಲ. ಮಿಸ್ ಪೆಂಬರ್ಟನ್ ಕನ್ನಡಕ ಏರಿಸಿದರು.

"ಐವತ್ನಾಲ್ಕು ನಿಮಿಷ, ಹದಿನೇಳು ಸೆಕೆಂಡು. ಎಲ್ಲಿಗಪ್ಪಾ ಇಷ್ಟು ಅವಸರ?"

"ಸಾಧ್ಯವೇ ಇಲ್ಲ! ನಿಮ್ಮ ಗಡಿಯಾರ ಕೆಟ್ಟಿದೆ!"

ಅಷ್ಟರಲ್ಲಿ ಎರಡನೆಯವನು ಬಂದ. ಅವನದೂ ಐವತ್ನಾಲ್ಕು! ಮೂರನೆಯವನು, ನಾಲ್ಕನೆಯವನು... ಡೆಸ್ಮಂಡನ ಮುಖ ಅರಳಿತು. "ನೋಡಿ, ನೋಡಿ! ಎಲ್ರಿಗೂ ಅಷ್ಟೇ ಹೊತ್ತು ಹಿಡಿದಿದೆ! ಅಂದ್ರೆ ರಸ್ತೆನೇ ಎಲ್ಲೋ ಕಮ್ಮಿಯಾಗಿದೆ. ಅಳೆಸಿ!"

ಕೊನೆಗೆ ಬಂದವನು ಸಿರಿಲ್. ಮುಖವೆಲ್ಲ ಮಸಿ. ದಾರಿಯಲ್ಲಿ ಪ್ಲಗ್ಗು ಕೈಕೊಟ್ಟು, ಗಾಡಿ ನಿಲ್ಲಿಸಿ, ಆರು ನಿಮಿಷ ಬೈದುಕೊಂಡು ತಿಕ್ಕಿ ತೊಳೆದು ಬಂದಿದ್ದ. "ನಂದು ಮುಗೀತು ಬಿಡಿ" ಎಂದು ಕೈ ಚೆಲ್ಲಿದ.

"ಅರವತ್ತು ನಿಮಿಷ, ಹದಿನೇಳು ಸೆಕೆಂಡು" ಎಂದರು ಮಿಸ್ ಪೆಂಬರ್ಟನ್. "ಕಪ್ಪು ನಿಂದೇ."

ಗಾಡಿ ಕೆಟ್ಟವನು ಗೆದ್ದ, ಗಾಡಿ ಚೆನ್ನಾಗಿದ್ದವರೆಲ್ಲ ಸೋತರು! ಒಂಬತ್ತು ಜನ ಕೆಂಪು ಚುಕ್ಕೆ ನೋಡಿದರು, ಆಮೇಲೆ ನಿಧಾನವಾಗಿ ಡೆಸ್ಮಂಡನ ಕಡೆ ತಿರುಗಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವನಿಗೆ. ಅಷ್ಟರಲ್ಲಿ ಮಿಸ್ ಪೆಂಬರ್ಟನ್ ಚೀಟಿಗಳನ್ನು ಬಿಚ್ಚಿದರು. ಎಲ್ಲರದೂ ಅರವತ್ತು, ಅರವತ್ತೈದು. ಒಂದು ಚೀಟಿಯ ಮುಂದೆ ಅವರು ನಿಂತುಬಿಟ್ಟರು.

"ಇದ್ಯಾರದು? 'ಹದಿನೆಂಟು ಮೊಟ್ಟೆ' ಅಂತ ಬರ್ದಿದೆ!"

"ನಂದು" ಎಂದಳು ಬೆರಿಲ್. "ಒಂದಕ್ಕೆ ಮೂರು ನಿಮಿಷ. ಹದಿನೆಂಟು ಮೂರ್ಲ..."

"ಐವತ್ನಾಲ್ಕು!" ಎಂದು ಸಭಾಂಗಣವೆಲ್ಲ ಒಂದೇ ದನಿಯಲ್ಲಿ ಕೂಗಿತು. ಮಗ್ಗಿ ಕಲಿಸಿದ ಮಿಸ್ ಪೆಂಬರ್ಟನ್‌ಗೆ ಕಣ್ಣು ತುಂಬಿ ಬಂತು. ಪುಟ್ಟ ಬೆಳ್ಳಿ ಕಪ್ಪು ಬೆರಿಲ್‌ಳ ಕೈಗೆ ಹೋಯಿತು.

ಮನೆಗೆ ಬಂದು ಅವಳು ಟೀ ಪಾಟನ್ನು ಎತ್ತಿ ಹಿಡಿದಳು. ಡೆಸ್ಮಂಡ್ ಅದರ ಕೆಳಗಿದ್ದ ಹಲ್ಲುಚಕ್ರವನ್ನು ಬೆರಳಿಟ್ಟು ಎಣಿಸಿದ. ಹತ್ತೊಂಬತ್ತು. ಇನ್ನೊಮ್ಮೆ ಎಣಿಸಿದ. ಆಗಲೂ ಹತ್ತೊಂಬತ್ತೇ! ಗಾಡಿಯಲ್ಲಿ ಕೂತಿದ್ದದ್ದು ಇಪ್ಪತ್ತೊಂದರದು; ಹಲ್ಲು ಹೆಚ್ಚಾದಷ್ಟೂ ಅದೇ ಸುತ್ತಿಗೆ ವೇಗ ಹೆಚ್ಚು. ಹನ್ನೊಂದು ಸ್ಪೀಡೋಮೀಟರುಗಳು ಪಾಪ, ನಿಜವನ್ನೇ ಹೇಳಿದ್ದವು.

"ಬೆರಿಲ್, ಇದನ್ನ ವಾಪಸ್ ಕೊಡ್ತೀಯಾ?"

"ಟೀ ಪಾಟ್ ಎಲ್ಲಿಡ್ಲಿ, ನಿನ್ನ ತಲೆ ಮೇಲಾ?"

ಮಾರನೆಯ ದಿನವೇ ಮೋಟಾರ್‌ಸೈಕಲ್ಲು ಶೆಡ್ಡಿಗೆ ಹೋಯಿತು, ಪಿಯಾನೋ ಒಳಗೆ ಬಂತು, ಅದರ ಮೇಲೆ ಬೆಳ್ಳಿ ಕಪ್ಪು ಕೂತಿತು. ಆದರೂ ಡೆಸ್ಮಂಡನ ಎದೆ ಪೂರ್ತಿ ಇಳಿದಿರಲಿಲ್ಲ. ಊರಿಗೆ ಹೊಸದಾಗಿ ಬಂದ ಪಾದ್ರಿ ಮನೆಗೆ ಬಂದಾಗ ಅವರನ್ನು ನೇರವಾಗಿ ಕಪ್ಪಿನ ಮುಂದೆಯೇ ನಿಲ್ಲಿಸಿದ.

"ನಮ್ಮ ಗಾಡಿಗೆ ಬಂದಿದ್ದು, ಫಾದರ್! ಇಪ್ಪತ್ತು ಮೈಲೀಲಿ ಮುಳ್ಳು ಒಂದು ಕೂದಲೆಳೆ ಆಚೀಚೆ ಆಗ್ಲಿಲ್ಲ. ಓಡಿಸಿದ್ದು ನಾನೇ!"

"ಭೇಷ್! ಹಾಗಾದ್ರೆ ಗೆದ್ದೋರು ನೀವೇ ಅನ್ನಿ?"

ಡೆಸ್ಮಂಡ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬೆರಿಲ್ ಟೀ ತಂದು, ಹತ್ತೊಂಬತ್ತು ಹಲ್ಲಿನ ಚಕ್ರವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಪಾಟನ್ನು ಕೂರಿಸಿದಳು.

"ಇಬ್ರೂ ಒಂದೇ ಗಾಡೀಲಿ ಹೊರಟ್ವಿ ಫಾದರ್, ಒಂದೇ ಗಾಡೀಲಿ ಬಂದ್ವಿ" ಎಂದಳು. "ನಾನು ಗೆದ್ದೆ, ಇವ್ನು ಸೋತ!"