ನಮ್ಮ ಗೇಮಿನ ಬಸ್ಸು ತಡವರಿಸಿದ್ದು

ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸದಲ್ಲಿ ನಗುವಂಥದ್ದೇನಿದೆ ಅನ್ನುವವರು ಕೊಪ್ಪದ ನಮ್ಮ ಮಹಡಿ ಕೋಣೆಗೆ ಬಂದು ಒಂದು ವಾರ ಕೂರಬೇಕು. ಅಲ್ಲಿ ನಾನೂ ಕಿಗ್ಗದ ಒಬ್ಬ ಅಕ್ಕನೂ ಸೇರಿ ಶೃಂಗೇರಿಯಿಂದ ಎನ್.ಆರ್. ಪುರ ದಾಟಿ ಬಸ್ ಓಡಿಸುವ ಮೊಬೈಲ್ ಗೇಮ್ ಮಾಡುತ್ತಿದ್ದೆವು. ಕೋಡ್ ನನ್ನದು, ಚಿತ್ರವೆಲ್ಲ ಅಕ್ಕನದು.

ಪರದೆಯ ಮೇಲೆ ಸೆಕೆಂಡಿಗೆ ಅರವತ್ತು ಚಿತ್ರ ಮೂಡಿದರೆ ಬಸ್ಸು ಸರಾಗ ಓಡುತ್ತದೆ. ಇದಕ್ಕೆ ಫ್ರೇಮ್ ರೇಟ್ ಅನ್ನುತ್ತಾರೆ. ನಮ್ಮದು ಹನ್ನೊಂದು. ಬಸ್ಸು ಬಿಕ್ಕಳಿಸುತ್ತಾ ಹೋಗುತ್ತಿತ್ತು. ಗೇಮ್ ಬಿಡುಗಡೆ ಮಾಡುವ ಬೆಂಗಳೂರಿನವರು ಸೋಮವಾರ ನೋಡುವವರಿದ್ದರು. ಆಗಲೂ ಹೀಗೇ ಇದ್ದರೆ ನಮ್ಮ ಮೂರು ವರ್ಷದ ಕೆಲಸ ನೀರಿಗೆ ಹಾಕಿದಂತೆ.

ನಾನು ಕಂಡುಹಿಡಿದದ್ದು

ಮಂಗಳವಾರ ಬೆಳಗ್ಗೆಯೇ ಕರೆಂಟ್ ಹೋಗಿತ್ತು. ಬ್ಯಾಟರಿಯಲ್ಲೇ ಕೂತು ಮೊದಲ ಸಲ ಅಳೆದಾಗಲೇ ಆ ಹನ್ನೊಂದು ಬಂದದ್ದು. ಮರಗಳ ನೆರಳು ತೆಗೆದೆ, ಎಲೆ ಕಡಿಮೆ ಮಾಡಿದೆ. ಅಂಕಿ ಅಲ್ಲಾಡಲಿಲ್ಲ. ಮಧ್ಯಾಹ್ನ ಒಂದು ಸಾಲು ತಿದ್ದಿದ್ದೇ ತಡ, ಇಪ್ಪತ್ತೈದು! "ಅಕ್ಕಾ, ಸಿಕ್ತು! ಈ ಸಾಲೇ ಕಳ್ಳ!" ಎಂದು ಕುಣಿದೆ.

ಬ್ಯಾಟರಿ ಉಳಿಸಲು ಲ್ಯಾಪ್‌ಟಾಪ್ ತಾನಾಗಿ ನಿಧಾನವಾಗಿತ್ತು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಅಕ್ಕ ತಲೆ ಎತ್ತಿ ಮೇಲೆ ನೋಡಿದಳು.

"ಫ್ಯಾನೂ ನಿನ್ನ ಕೋಡಿಂದಲೇ ತಿರುಗ್ತಾ ಇದೆಯಾ ಮಾರಾಯ?"

ಮಂಜು

ಮಂಜು ದಟ್ಟವಾಗಿದ್ದರೆ ದೂರದ್ದನ್ನು ಬಿಡಿಸುವ ಕೆಲಸ ಯಂತ್ರಕ್ಕಿಲ್ಲ. ಹಾಗಾಗಿ ಗೇಮಿನ ತುಂಬ ಮಂಜು ಸುರಿದೆ. ಶೃಂಗೇರಿ ಬಸ್ಸಿನ ಡ್ರೈವರಣ್ಣನನ್ನು ಕರೆದು ಕೂರಿಸಿದೆ. ದಾರಿಯನ್ನು ನಾವು ಇದ್ದದ್ದು ಇದ್ದ ಹಾಗೇ ಬಿಡಿಸಿದ್ದೆವು. ಹತ್ತು ಮಾರಿನಾಚೆ ಏನೂ ಕಾಣದಿದ್ದರೂ ಆತ ಒಂದು ತಿರುವೂ ತಪ್ಪಲಿಲ್ಲ. ನಾನು ಬೆರಗಾಗಿ ನೋಡುತ್ತಲೇ ಇದ್ದೆ. ಇದ್ದಕ್ಕಿದ್ದಂತೆ ಖಾಲಿ ಜಾಗದಲ್ಲಿ ಬ್ರೇಕ್ ಹಾಕಿದ.

"ಎಂತ ಆಯ್ತು ಅಣ್ಣಾ?"

"ಇಲ್ಲಿ ಒಬ್ರು ಅಜ್ಜಿ ದಿನಾ ಹತ್ತುತ್ತಾರೆ. ಬಿಟ್ಟು ಹೋದ್ರೆ ನಾಳೆ ಬೈತಾರೆ."

ಆಮೇಲೆ ನಾನು ಓಡಿಸಿದೆ. ಮೊದಲ ತಿರುವಿಗೇ ಚರಂಡಿ. ಮಂಜು ತೆಗೆಯಬೇಕಾಯಿತು.

ಕಂಡಕ್ಟರ್

ಶನಿವಾರ ಡ್ರೈವರಣ್ಣ ತನ್ನ ಹಳೇ ಜೊತೆಗಾರರನ್ನು ಕರೆತಂದ. ಎನ್.ಆರ್. ಪುರದವರು, ನಿವೃತ್ತ ಕಂಡಕ್ಟರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ನನ್ನ ಹಿಂದೆ ನಿಂತು, ಮೇಲಿನ ಕಂಬಿ ಹಿಡಿದವರ ಹಾಗೆ ಒಂದು ಕೈ ಎತ್ತಿಕೊಂಡೇ ಎರಡು ಟ್ರಿಪ್ ನೋಡಿದರು.

"ತಿರುವಲ್ಲೂ ಅಲ್ಲ, ಏರಲ್ಲೂ ಅಲ್ಲ. ಜನ ಹತ್ತಿದ್ರೆ ತಡವರಿಸ್ತದೆ, ಇಳಿದ್ರೆ ಸರಾಗ. ಎನ್.ಆರ್. ಪುರದಲ್ಲಿ ಹತ್ತಿದ ನಾಲ್ಕು ಜನರ ಹತ್ರ ಚೀಲ ಇರ್ಲಿಲ್ಲ, ಆಗ ಏನೂ ಆಗ್ಲಿಲ್ಲ. ಚೀಲ ನೋಡಿ."

ಐದು ದಿನ ನಾನೂ ನನ್ನ ಸಾಫ್ಟ್‌ವೇರೂ ಹುಡುಕಿಯೂ ಸಿಗದ್ದನ್ನು ಈ ಮನುಷ್ಯ ನಿಂತಲ್ಲೇ ಹೇಳಿದ್ದರು. ನನಗೆ ಕೈಮುಗಿಯಬೇಕು ಅನ್ನಿಸಿತು. ಪ್ರಯಾಣಿಕರ ಚೀಲವೊಂದನ್ನು ತೆರೆದು ನೋಡಿದೆ. ಒಳಗೆ ಒಂದು ಚಿಪ್ಪು ಬಾಳೆಹಣ್ಣು, ಒಂದೊಂದೂ ಬೇರೆ ಬೇರೆ. ಸಕ್ಕರೆ ಪೊಟ್ಟಣ, ವೀಳ್ಯದೆಲೆ. ತೆಂಗಿನಕಾಯಿಗೆ ಜುಟ್ಟಿನ ಎಳೆ ಎಳೆಯನ್ನೂ ಅಕ್ಕ ಬಿಡಿಸಿದ್ದಳು. ಅಂಥ ನಲವತ್ತು ಚೀಲ! ಗೇಮಿನಲ್ಲಿ ಅವನ್ನು ಯಾರೂ ಬಿಚ್ಚುವುದೇ ಇಲ್ಲ, ಆದರೂ ಯಂತ್ರ ಪ್ರತಿ ಸಲ ಅಷ್ಟನ್ನೂ ಬಿಡಿಸುತ್ತಿತ್ತು.

"ಅಕ್ಕಾ, ಇದು ಯಾರಿಗೆ ಕಾಣುತ್ತೆ?"

"ಕಾಣದಿದ್ರೆ? ನೆಂಟರ ಮನೆಗೆ ಹೊರಟವರನ್ನ ಬರಿಗೈಲಿ ಕಳಿಸೋದಾ?"

ಅಳಿಸಲು ಅಕ್ಕ ಸುತಾರಾಂ ಬಿಡಲಿಲ್ಲ. ಕಂಡಕ್ಟರೂ ಅವಳ ಪರ. ಕೊನೆಗೆ, ಮುಚ್ಚಿದ ಚೀಲದ ಒಳಗಿನದನ್ನು ಬಿಡಿಸಬೇಡ ಎಂದು ಯಂತ್ರಕ್ಕೆ ಒಂದು ಸಾಲು ಬರೆದೆ. ಅರವತ್ತು!

ಸೋಮವಾರ ಬೆಂಗಳೂರಿನವರು ತಮ್ಮ ಫೋನಿನಲ್ಲಿ ಅರ್ಧ ಗಂಟೆ ಆಡಿ, ವಿಡಿಯೋ ಕರೆಯಲ್ಲಿ ಒಪ್ಪಿಗೆ ಕೊಟ್ಟರು. ನನಗೆ ಜೀವ ಬಂದ ಹಾಗಾಯಿತು.

"ಒಂದೇ ಬದಲಾವಣೆ" ಎಂದರು ಅವರು. "ಆ ಚೀಲಗಳನ್ನ ಬಿಚ್ಚಿ ನೋಡೋ ಹಾಗಿದ್ರೆ ಮಜಾ ಇರುತ್ತೆ. ಒಳಗೆ ಏನಾದ್ರೂ ಬಿಡಿಸೋಕೆ ಎಷ್ಟು ದಿನ ಬೇಕು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದು ಪಿಸುಗುಟ್ಟಿದಳು:

"ಆರು ತಿಂಗಳು ಅನ್ನು ಮಾರಾಯ."