ಕಿವಿಯಲ್ಲಿ ಪ್ರೋಗ್ರಾಮರ್, ಕಾಲಡಿ ನೀರು

ಈ ಭಾನುವಾರ ಮುಗಿಯುವುದರೊಳಗೆ ಮಹಾಜ್ಞಾನಿಯಾಗಿಬಿಡುವುದೆಂದು ತೀರ್ಮಾನಿಸಿದೆ! ನನ್ನ ಹೆಂಡತಿ ಪ್ರೋಗ್ರಾಮರ್. ಆಫೀಸಿನವರು ಅವಳನ್ನು ದೂರದ ಊರಿಗೆ ಕಳಿಸಿ ತಿಂಗಳುಗಳೇ ಆದವು. ಫೋನಿನಲ್ಲಿ ನಮ್ಮ ಸಂಭಾಷಣೆ "ಊಟ ಆಯ್ತಾ?", "ಆಯ್ತು, ನಿಮ್ದು?" ಎಂಬಲ್ಲಿಗೆ ಬಂದು ನಿಂತಿತ್ತು. ಆಮೇಲೆ ಇಬ್ಬರೂ ಉಸಿರಾಡುವುದಷ್ಟೇ. ಅವಳ ಕಸುಬಿನ ಬಗ್ಗೆಯೇ ನಾಲ್ಕು ಮಾತಾಡಿ ಬೆರಗುಗೊಳಿಸೋಣವೆಂದು, ಮೊತ್ತಮೊದಲ ಕಂಪ್ಯೂಟರ್ ಪ್ರೋಗ್ರಾಮರುಗಳ ಚರಿತ್ರೆಯ ಆಡಿಯೋ ಪುಸ್ತಕವೊಂದನ್ನು ಹುಡುಕಿ ತೆಗೆದೆ.

ಸಿಂಕಿನ ತೂತು ಮುಚ್ಚಿ, ಅದರಲ್ಲಿದ್ದ ಪಾತ್ರೆಗಳ ಮೇಲೆ ನಲ್ಲಿ ಬಿಟ್ಟೆ. ನೆನೆಯಲಿ! ಎರಡೂ ಕಿವಿಗೆ ಇಯರ್‌ಫೋನ್ ತುರುಕಿ, ಹಾಲ್‌ನ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತು ಕಣ್ಣು ಮುಚ್ಚಿದೆ. ಕೋಣೆ ತುಂಬುವ ಯಂತ್ರ. ವೈರುಗಳನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತಾ ಅದಕ್ಕೆ ಲೆಕ್ಕ ಕಲಿಸುವ ಹೆಂಗಸರು. ಓದುವಾಕೆ ಹೇಳುತ್ತಿದ್ದಳು: "ನಿಲ್ಲು ಎನ್ನದಿದ್ದರೆ ಯಂತ್ರ ನಿಲ್ಲುವುದೇ ಇಲ್ಲ..."

"ರೀ, ನಲ್ಲಿ ನಿಲ್ಲಿಸ್ರೀ!"

ಆಹಾ, ಎಂಥ ಜೀವಂತ ಓದು! ತಲೆದೂಗಿದೆ.

"ರೀ! ನಿಮಗೇ ಹೇಳ್ತಿರೋದು!"

ಕಣ್ಣು ಬಿಟ್ಟೆ. ಹಾಲ್ ಕೆರೆಯಾಗಿತ್ತು! ನನ್ನ ಚಪ್ಪಲಿಯೊಂದು ನನ್ನನ್ನು ಬಿಟ್ಟು ಪ್ರಯಾಣ ಹೊರಟಿತ್ತು. ಕೆಳಗಿನ ಮಹಡಿಯ ದರ್ಜಿ ಬಾಗಿಲು ಬಡಿದು ಬಡಿದು ಸೋತು, ಕೊನೆಗೆ ನನ್ನ ಹೆಂಡತಿಗೇ ಫೋನ್ ಮಾಡಿದ್ದರಂತೆ. ಕಿವಿಯಲ್ಲಿ ಕೂಗಿದ್ದು ಓದುವಾಕೆಯಲ್ಲ, ಇವಳು! ಕರೆ ಬಂದರೆ ತಾನಾಗಿ ಎತ್ತಿಕೊಳ್ಳುವಂತೆ ನನ್ನ ಇಯರ್‌ಫೋನನ್ನು ಹೊಂದಿಸಿಟ್ಟು ಹೋದವಳೂ ಅವಳೇ!

ನಲ್ಲಿ ತಿರುಗಿಸಿ, ಈಜುತ್ತಾ ಹೋಗಿ ಬಾಗಿಲು ತೆರೆದೆ.

"ಏನ್ಸಾರ್, ಇಸ್ತ್ರಿ ಮಾಡಿಟ್ಟ ಕೋಟಿಗೆ ಸ್ನಾನ ಮಾಡಿಸಿಬಿಟ್ರಲ್ಲ!" ಎಂದರು ದರ್ಜಿ. ಕೈಮುಗಿದೆ. ಕೋಟನ್ನು ನಾನೇ ಒಣಗಿಸಿ ಇಸ್ತ್ರಿ ಮಾಡಿಕೊಡುತ್ತೇನೆಂದೆ. "ಬೇಡಿ ಸಾರ್, ಕೋಟು ಉಳೀಲಿ!" ಎಂದು ಓಡಿದರು.

ಕಿವಿಯಲ್ಲಿ ಅವಳು ಇನ್ನೂ ಇದ್ದಳು. "ಅಷ್ಟು ಮೈಮರೆತು ಏನ್ ಕೇಳ್ತಿದ್ರಿ?"

"ನಿನ್ನ ಕಸುಬಿನ ಚರಿತ್ರೆ ಕಣೇ!"

"ಹೌದಾ! ಏನಿದೆ ಅದರಲ್ಲಿ?"

"ಗೊತ್ತಿಲ್ಲ. ಓದೋಳ ದನಿ ಥೇಟ್ ನಿನ್ನ ಥರಾನೇ ಇತ್ತು. ಅರ್ಥ ಬಿಟ್ಟು ದನಿ ಕೇಳ್ತಾ ಕೂತ್ಬಿಟ್ಟೆ."

ಅವಳ ದನಿ ಮೆತ್ತಗಾಯಿತು: "ಪುಸ್ತಕ ಬಿಡಿ, ನಾನೇ ಹೇಳ್ತೀನಿ. ಮೊದ್ಲು ನೆಲ ಒರೆಸಿ. ಫೋನ್ ಮಾತ್ರ ಇಡ್ಬೇಡಿ."

"ಒರೆಸೋ ಬಟ್ಟೆ ಎಲ್ಲಿದೆ?"

"ಅಡುಗೆಮನೆ ಬಾಗಿಲ ಹಿಂದೆ."

ಇತ್ತು. ಅವಳು ಹೊರಟ ಬೆಳಿಗ್ಗೆ ಹಿಂಡಿ ನೇತುಹಾಕಿದ್ದು, ಮಡಿಕೆ ಕೂಡ ಬಿಚ್ಚದೆ, ರಟ್ಟಿನಂತೆ ಒಣಗಿ!